ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾಲೆ, ಪರೀಕ್ಷೆ, ಪಂದ್ಯದ ಇಂಗ್ಲಿಷ್

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಶಾಲೆ, ಪರೀಕ್ಷೆ, ಆಟೋಟದ ಸುತ್ತಲಿನ ಇಂಗ್ಲಿಷ್ ಬಗ್ಗೆಯೇ ಇವೆ. ಪದದ ಅರ್ಥ ಗೊತ್ತಿಲ್ಲ ಎಂದವರು ಕಡಿಮೆ. ಅರ್ಥ ಗೊತ್ತಿದ್ದೂ ವಾಕ್ಯ ಕೈಕೊಟ್ಟಿದ್ದು ಯಾಕೆ ಎಂದು ಕೇಳಿದವರೇ ಹೆಚ್ಚು. ಇಂಗ್ಲಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಸ್ಪೆಲಿಂಗ್ ಮುಖ್ಯವಾದ ಕಡೆ ಅಕ್ಷರಗಳ ಹೆಸರು ಹೇಳಿದ್ದೇವೆ.

ಪ್ರಶ್ನೆ: ಕ್ರಿಕೆಟ್ ಬಗ್ಗೆ ಬರೆದ ಪ್ರಬಂಧದಲ್ಲಿ ‘ಇಂಡಿಯಾ ವನ್ ಆಸ್ಟ್ರೇಲಿಯಾ’ ಎಂದು ಬರೆದಿದ್ದೆ. ಮೇಷ್ಟ್ರು ಕೆಂಪು ಗೆರೆ ಎಳೆದರು. ‘ಗೆದ್ದಿತು’ ಅನ್ನೋದಕ್ಕೆ ‘ವನ್’ ಬಿಟ್ಟು ಬೇರೆ ಏನಿದೆ?
— ಪಿಯುಸಿ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಕನ್ನಡದಲ್ಲಿ ‘ಪಂದ್ಯ ಗೆದ್ದ’ ಅನ್ನುತ್ತೇವೆ, ‘ಶತ್ರುವನ್ನು ಗೆದ್ದ’ ಅಂತಲೂ ಅನ್ನುತ್ತೇವೆ. ಒಂದೇ ಕ್ರಿಯಾಪದ ಎರಡು ಕಡೆಯೂ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಆ ಕೆಲಸ ಎರಡು ಪದಗಳಿಗೆ ಹಂಚಿಹೋಗಿದೆ. ಗೆದ್ದು ನಮ್ಮದಾಗುವಂಥದ್ದಕ್ಕೆ ‘ವಿನ್’: ಮ್ಯಾಚ್, ಟಾಸ್, ಕಪ್, ಬಹುಮಾನ, ಚುನಾವಣೆ. ಎದುರಿಗೆ ನಿಂತು ಸೋತವರಿಗೆ ‘ಬೀಟ್’, ಸ್ವಲ್ಪ ಬಿಗಿಯಾದ ಬರಹವಾದರೆ ‘ಡಿಫೀಟ್’. ಆದ್ದರಿಂದ ‘ಇಂಡಿಯಾ ವನ್ ದ ಮ್ಯಾಚ್’, ‘ಇಂಡಿಯಾ ಬೀಟ್ ಆಸ್ಟ್ರೇಲಿಯಾ’. ನೀವು ಬರೆದ ವಾಕ್ಯ ಓದಿದರೆ ಲಾಟರಿಯಲ್ಲಿ ಆಸ್ಟ್ರೇಲಿಯಾ ದೇಶವೇ ನಮ್ಮ ಪಾಲಿಗೆ ಬಂದಂತಾಗುತ್ತದೆ.

‘ಬೀಟ್’ ಪದದ ಭೂತಕಾಲವೂ ‘ಬೀಟ್’. ‘ಬೀಟೆಡ್’ ಎಂಬುದಿಲ್ಲ; ‘ಹ್ಯಾವ್’, ‘ವಾಸ್’ ಜೊತೆ ಬಂದರೆ ‘ಬೀಟನ್’. ಹಾಗೆಯೇ ‘ವಿನ್ನಡ್’ ಇಲ್ಲ, ‘ವನ್’. ಉಚ್ಚಾರ ಒಂದು ಎಂಬ ಸಂಖ್ಯೆಯಂತೆಯೇ, ‘ವಾನ್’ ಅಲ್ಲ.

‘ವಿನ್’ ಇಟ್ಟುಕೊಂಡೇ ಎದುರಾಳಿಯ ಹೆಸರು ಹೇಳಬೇಕೆಂದರೆ ‘ವನ್ ಅಗೇನ್ಸ್ಟ್ ಆಸ್ಟ್ರೇಲಿಯಾ’ ಎನ್ನಿ. ‘ಎ ವಿನ್ ಓವರ್ ಆಸ್ಟ್ರೇಲಿಯಾ’ ಎಂದು ನಾಮಪದವಾಗಿ ಬಳಸಿದರೂ ಸರಿ. ಆದರೆ ‘ವನ್ ಓವರ್’ ಎಂದು ಕ್ರಿಯಾಪದವಾಗಿ ಬಳಸಿದಿರೋ, ಮಾತಿನಿಂದ ಒಲಿಸಿಕೊಂಡರು, ತಮ್ಮ ಕಡೆ ಮಾಡಿಕೊಂಡರು ಎಂಬ ಅರ್ಥ ಬರುತ್ತದೆ. ಸೋಲಿನ ವಿಷಯದಲ್ಲಿ ಮಾತ್ರ ಕನ್ನಡವೇ ನಿಮ್ಮ ಕೈಹಿಡಿಯುತ್ತದೆ. ನಾವು ‘ಆಸ್ಟ್ರೇಲಿಯಾಗೆ ಸೋತರು’ ಅನ್ನುತ್ತೇವಲ್ಲ, ಆ ‘ಗೆ’ ಇರುವಲ್ಲಿ ‘ಟು’ ಇಡಿ: ‘ಲಾಸ್ಟ್ ಟು ಆಸ್ಟ್ರೇಲಿಯಾ’. ಅಂತರ ಹೇಳಲು ‘ಬೈ’: ‘ಬೈ 20 ರನ್ಸ್’, ‘ಬೈ 5 ವಿಕೆಟ್ಸ್’.

ಪ್ರಬಂಧ ಕ್ರಿಕೆಟ್ಟಿನದಾದ್ದರಿಂದ ಇನ್ನೊಂದು ಮಾತು. ‘ಟೈ’ ಬೇರೆ, ‘ಡ್ರಾ’ ಬೇರೆ. ಆಟ ಪೂರ್ತಿ ಮುಗಿದು ರನ್ ಸಮ ಆದರೆ ಟೈ. ಟೆಸ್ಟ್‌ನಲ್ಲಿ ಹೊತ್ತು ಮುಗಿದು ಫಲಿತಾಂಶ ಬರದಿದ್ದರೆ ಡ್ರಾ. 1986ರ ಮದ್ರಾಸ್ ಟೆಸ್ಟ್, ಭಾರತ ಮತ್ತು ಆಸ್ಟ್ರೇಲಿಯಾದ್ದು, ಟೈ ಆಗಿತ್ತು. ಅದನ್ನು ಡ್ರಾ ಎಂದು ಬರೆದರೆ ಇಂಗ್ಲಿಷೂ ತಪ್ಪು, ಚರಿತ್ರೆಯೂ ತಪ್ಪು. ಫುಟ್‌ಬಾಲ್‌ನಲ್ಲಿ ಈ ಭೇದವಿಲ್ಲ. ಗೋಲು ಸಮವಾದರೆ ಬ್ರಿಟಿಷರು ಡ್ರಾ ಎನ್ನುತ್ತಾರೆ, ಅಮೆರಿಕದವರು ಟೈ ಎನ್ನುತ್ತಾರೆ.

ಪ್ರಶ್ನೆ: ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಅಣ್ಣನ ಮಕ್ಕಳ ಹತ್ತಿರ ‘ಐ ಪಾಸ್ಡ್ ಔಟ್ ಇನ್ 2012’ ಅಂದೆ. ಅವು ಗಾಬರಿಯಾಗಿ ‘ಏನಾಗಿತ್ತು ಅತ್ತೆ?’ ಅಂದವು. ‘ಐ ಗೇವ್ ದ ಎಕ್ಸಾಮ್’ ಅಂದಾಗಲೂ ಮುಖ ಮುಖ ನೋಡಿಕೊಂಡವು. ನಾವಾಡೋ ಇಂಗ್ಲಿಷ್ ಅಷ್ಟು ತಪ್ಪಾ?
— ಗೃಹಿಣಿ, ಬಳ್ಳಾರಿ

ಉತ್ತರ: ತಪ್ಪು ಅನ್ನುವುದಕ್ಕಿಂತ ಅದು ನಮ್ಮ ಸೀಮೆಯ ಇಂಗ್ಲಿಷ್. ಬಳ್ಳಾರಿಯಿಂದ ದೆಹಲಿವರೆಗೆ ಯಾರೂ ಗಾಬರಿಯಾಗುವುದಿಲ್ಲ. ಸೀಮೆ ದಾಟಿದಾಗ ಮಾತ್ರ ಪದ ಬದಲಿಸಿಕೊಳ್ಳಬೇಕು.

‘ಪಾಸ್ ಔಟ್’ ಅಂದರೆ ಅಲ್ಲಿ ಪ್ರಜ್ಞೆ ತಪ್ಪಿ ಬೀಳುವುದು. ಮಕ್ಕಳು ಗಾಬರಿಯಾಗಿದ್ದು ಅದಕ್ಕೇ. ಸೈನ್ಯದ ‘ಪಾಸಿಂಗ್ ಔಟ್ ಪರೇಡ್’ ಮಾತ್ರ ಒಪ್ಪಿತ ಬಳಕೆ. ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿಯಿಂದ ಹೊರಬರುವ ಕೆಡೆಟ್‌ಗಳ ಬಗ್ಗೆ ಹಾಗೆ ಧಾರಾಳವಾಗಿ ಹೇಳಬಹುದು. ಕಾಲೇಜು ಮುಗಿಸಿದವರು ‘ಐ ಗ್ರಾಜುಯೇಟೆಡ್ ಇನ್ 2012’ ಎನ್ನಬೇಕು, ಕಾಲೇಜಿನ ಹೆಸರು ಹೇಳುವುದಿದ್ದರೆ ನಡುವೆ ‘ಫ್ರಮ್’ ಸೇರಿಸಬೇಕು. ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿದರೂ ‘ಗ್ರಾಜುಯೇಟ್’ ಆಗುತ್ತಾರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಪದವಿ ಪಡೆದವರು ಮಾತ್ರ.

ಪರೀಕ್ಷೆಯ ವಿಷಯಕ್ಕೆ ಬರೋಣ. ‘ಗೇವ್’ ಬಂದಿದ್ದು ಹಿಂದಿಯ ‘ಪರೀಕ್ಷಾ ದೀ’ಯಿಂದ. ನಾವು ಕನ್ನಡದವರು ಪರೀಕ್ಷೆ ಬರೆಯುವವರು, ಹಾಗಾಗಿ ‘ರೋಟ್ ದ ಎಕ್ಸಾಮ್’ ನಮ್ಮ ಬಾಯಿಗೆ ಸಲೀಸು. ಕೆನಡಾ, ದಕ್ಷಿಣ ಆಫ್ರಿಕಾಗಳಲ್ಲೂ ಹಾಗೇ ಹೇಳುವವರಿದ್ದಾರೆ. ಬ್ರಿಟಿಷರು ‘ಸ್ಯಾಟ್ ದ ಎಕ್ಸಾಮ್’ ಎನ್ನುತ್ತಾರೆ, ಅಮೆರಿಕದವರು ‘ಟುಕ್’ ಎನ್ನುತ್ತಾರೆ. ಒಂದೇ ಒಂದು ಕಲಿಯುವುದಾದರೆ ‘ಟೇಕ್’ ಕಲಿಯಿರಿ, ಎಲ್ಲ ಕಡೆಯೂ ನಡೆಯುತ್ತದೆ. ‘ಗಿವ್’ ಯಾಕೆ ಗೊಂದಲವೆಂದರೆ, ಅಲ್ಲಿ ಪರೀಕ್ಷೆಯನ್ನು ‘ಗಿವ್’ ಮಾಡುವುದು ಮೇಷ್ಟರು. ‘ಐ ಗೇವ್ ದ ಎಕ್ಸಾಮ್’ ಎಂದಾಗ ಅತ್ತೆ ಯಾವಾಗ ಟೀಚರ್ ಆದಳು ಎಂದು ಮಕ್ಕಳು ಯೋಚಿಸಿರಬೇಕು.

ಇದೇ ಜಾತಿಯ ಇನ್ನಷ್ಟು ಪದಗಳಿವೆ. ‘ಟ್ಯೂಷನ್’ ಎಂದರೆ ನಮಗೆ ಸಂಜೆ ಪಾಠ, ಅಮೆರಿಕದಲ್ಲಿ ಕಾಲೇಜಿನ ಫೀಸು. ‘ಮೈ ಡಾಟರ್ ಗೋಸ್ ಟು ಟ್ಯೂಷನ್’ ಅಲ್ಲಿ ಅರ್ಥವಾಗುವುದೇ ಇಲ್ಲ. ‘ಶಿ ಹ್ಯಾಸ್ ಎ ಟ್ಯೂಟರ್’ ಎನ್ನಿ. ‘ಐ ಹ್ಯಾವ್ ಎ ಡೌಟ್’ ನಮ್ಮ ತರಗತಿಯಲ್ಲಿ ವಿನಯದ ಮಾತು. ಹೊರಗೆ ಅದು ‘ನೀವು ಹೇಳಿದ್ದು ನನಗೆ ನಂಬಿಕೆ ಬರಲಿಲ್ಲ’ ಎಂಬಂತೆ ಕೇಳುತ್ತದೆ. ಅಲ್ಲಿಗೆ ಓದಲು ಹೋಗುವ ಹುಡುಗರು ವಿಮಾನ ಹತ್ತುವ ಮುಂಚೆ ಬಿಡಬೇಕಾದ ಮೊದಲ ಪದ ಇದೇ. ‘ಐ ಹ್ಯಾವ್ ಎ ಕ್ವೆಶ್ಚನ್’ ಸಾಕು. ‘ಮಾರ್ಕ್ಸ್ ಕಾರ್ಡ್’ ಎಂಬುದು ನಮ್ಮ ಕಡೆಯ ಮಾತು. ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ ಕೇಳುವುದು ‘ಟ್ರಾನ್‌ಸ್ಕ್ರಿಪ್ಟ್’. ‘ವ್ಯಾಲ್ಯುಯೇಷನ್’ ಎಂದರೆ ಅಲ್ಲಿ ಮನೆಗೋ ಕಂಪನಿಗೋ ಬೆಲೆ ಕಟ್ಟುವುದು. ಉತ್ತರಪತ್ರಿಕೆ ತಿದ್ದುವುದು ಬ್ರಿಟನ್ನಿನಲ್ಲಿ ‘ಮಾರ್ಕಿಂಗ್’, ಅಮೆರಿಕದಲ್ಲಿ ‘ಗ್ರೇಡಿಂಗ್’. ಕೊಠಡಿಯಲ್ಲಿ ಕಾವಲು ನಿಲ್ಲುವವರು ಬ್ರಿಟನ್ನಿನಲ್ಲಿ ‘ಇನ್ವಿಜಿಲೇಟರ್’, ಅಮೆರಿಕದಲ್ಲಿ ‘ಪ್ರಾಕ್ಟರ್’.

ಅಂಕ ಹೇಳುವಾಗ ‘625ಕ್ಕೆ 590’ ಎಂಬುದನ್ನು ‘590 ಫಾರ್ 625’ ಎಂದು ಮಕ್ಕಳು ಹೇಳುವುದುಂಟು. ‘590 ಔಟ್ ಆಫ್ 625’ ಸರಿ. ‘ಟಾಪರ್’ ಪದ ನಮ್ಮಲ್ಲಿ ಪತ್ರಿಕೆಯ ಮುಖಪುಟಕ್ಕೇ ಏರಿದೆ. ಹೊರಗಿನವರಿಗೆ ಅದು ಕೇಕಿನ ಮೇಲೆ ಸಿಕ್ಕಿಸುವ ಗೊಂಬೆ. ‘ಶಿ ಕೇಮ್ ಫಸ್ಟ್ ಇನ್ ದ ಸ್ಟೇಟ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ: ಮಕ್ಕಳು ದಿನಾ ಬಳಸುವ ಮೂರು ಮಾತುಗಳಿಗೆ ಒಳ್ಳೆಯ ಇಂಗ್ಲಿಷ್ ಬೇಕು: ಬೈಹಾರ್ಟ್ ಮಾಡೋದು, ಕಾಪಿ ಹೊಡೆಯೋದು, ಬಂಕ್ ಹೊಡೆಯೋದು.
— ಪ್ರೌಢಶಾಲಾ ಶಿಕ್ಷಕಿ, ಹರಿಹರ

ಉತ್ತರ: ಮೂರೂ ಇಂಗ್ಲಿಷಿನಿಂದಲೇ ಬಂದವು, ಕನ್ನಡದ ‘ಮಾಡು’, ‘ಹೊಡೆ’ ಸೇರಿ ನಮ್ಮವಾದವು. ತಿರುಗಿ ಇಂಗ್ಲಿಷಿಗೆ ಹೋಗುವಾಗ ತೊಡಕು.

‘ಬೈ ಹಾರ್ಟ್’ ಕ್ರಿಯಾಪದವಲ್ಲ. ‘ಐ ಬೈಹಾರ್ಟೆಡ್ ದ ಪೊಯಮ್’ ಎಂದು ಮಕ್ಕಳು ಬರೆದರೆ ‘ಐ ಲರ್ನ್ಟ್ ದ ಪೊಯಮ್ ಬೈ ಹಾರ್ಟ್’ ಎಂದು ತಿದ್ದಿ. ಇದು ಮೆಚ್ಚುಗೆಯ ಮಾತು, ಪದ್ಯ ಮನಸ್ಸಿನಲ್ಲಿ ನಿಂತಿದೆ ಎಂದರ್ಥ. ಅರ್ಥವಾಗದೆ ಉರು ಹೊಡೆದರೆ ‘ಲರ್ನ್ಟ್ ಬೈ ರೋಟ್’, ಅದು ಹೀಗಳಿಕೆ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವನ್ನೂ ತಲೆಗೆ ತುರುಕುವುದು ‘ಕ್ರ್ಯಾಮಿಂಗ್’. ನಮ್ಮ ಹುಡುಗರ ‘ಮಗ್ ಅಪ್’ ಬ್ರಿಟಿಷರಿಗೂ ಗೊತ್ತು, ಆದರೆ ಅವರ ‘ಮಗ್ ಅಪ್ ಆನ್’ನಲ್ಲಿ ಉರು ಹೊಡೆಯುವ ಛಾಯೆ ಇಲ್ಲ. ಒಂದು ವಿಷಯವನ್ನು ಬೇಗಬೇಗ ಓದಿಕೊಳ್ಳುವುದು ಅಷ್ಟೆ.

‘ಕಾಪಿ’ ವಿಷಯದಲ್ಲಿ ಎರಡು ಬೇರೆ ಸಂಗತಿಗಳಿವೆ. ಪಕ್ಕದವನ ಹಾಳೆ ನೋಡಿ ಬರೆದರೆ ‘ಹಿ ಕಾಪಿಡ್ ಫ್ರಮ್ ಹಿಸ್ ನೈಬರ್’ ಎನ್ನಬಹುದು. ಅಪರಾಧದ ಹೆಸರು ಮಾತ್ರ ‘ಚೀಟಿಂಗ್’. ಸಿಕ್ಕಿಬಿದ್ದ ಎನ್ನಲು ‘ಹಿ ವಾಸ್ ಕಾಟ್ ಚೀಟಿಂಗ್’. ಚೀಟಿಗೆ ಬ್ರಿಟನ್ನಿನಲ್ಲಿ ‘ಕ್ರಿಬ್ ಶೀಟ್’, ಅಮೆರಿಕದಲ್ಲಿ ‘ಚೀಟ್ ಶೀಟ್’. ಈ ‘ಚೀಟ್ ಶೀಟ್’ ಆಫೀಸುಗಳಿಗೂ ಬಂದು ಈಗ ಮರ್ಯಾದಸ್ಥ ಪದವಾಗಿದೆ, ಒಂದು ಪುಟದ ಕೈಪಿಡಿ ಎಂಬಷ್ಟೇ ಅರ್ಥ. ನಮ್ಮ ವಿಶ್ವವಿದ್ಯಾಲಯಗಳ ‘ಮಾಲ್‌ಪ್ರಾಕ್ಟೀಸ್ ಕೇಸ್’ ಮಾತ್ರ ಹೊರಗೆ ಬೇರೆಯೇ ಕಥೆ. ಅಲ್ಲಿ ಆ ಪದ ಅಂಟಿರುವುದು ರೋಗಿಯ ಜೀವಕ್ಕೆ ಕುತ್ತು ತಂದ ಡಾಕ್ಟರಿಗೆ, ಕಕ್ಷಿದಾರನ ಕೇಸು ಕೆಡಿಸಿದ ವಕೀಲರಿಗೆ. ವಿದ್ಯಾರ್ಥಿ ಮಾಡಿದ್ದು ‘ಅಕಾಡೆಮಿಕ್ ಮಿಸ್‌ಕಂಡಕ್ಟ್’.

ಬಂಕ್ ಹೊಡೆಯುವುದು ಬ್ರಿಟನ್ನಿನಲ್ಲಿ ‘ಬಂಕ್ ಆಫ್’, ‘ಆಫ್’ ಬಿಡುವಂತಿಲ್ಲ. ಅಮೆರಿಕದಲ್ಲಿ ‘ಸ್ಕಿಪ್ ಕ್ಲಾಸ್’ ಅಥವಾ ‘ಕಟ್ ಕ್ಲಾಸ್’. ಅಧಿಕೃತ ಪತ್ರಕ್ಕೆ ‘ಟ್ರೂಅನ್ಸಿ’.

ಕೇಳದೆ ಇದ್ದರೂ ಒಂದು: ‘ಪಾಸ್ಡ್ ಇನ್ ಫ್ಲೈಯಿಂಗ್ ಕಲರ್ಸ್’ ಎಂದು ಬರೆಯುವ ಮಕ್ಕಳು ನಿಮ್ಮ ತರಗತಿಯಲ್ಲೂ ಇದ್ದೇ ಇರುತ್ತಾರೆ. ‘ಇನ್’ ಅಲ್ಲ, ‘ವಿತ್’. ಇಲ್ಲಿ ‘ಕಲರ್ಸ್’ ಬಣ್ಣವಲ್ಲ, ಹಡಗಿನ ಬಾವುಟ. ಬಾವುಟ ಹಾರಿಸಿಕೊಂಡು ಬಂದ ಹಡಗು ಗೆದ್ದು ಬಂದ ಹಡಗು. ಜೊತೆಗೆ ಅದರ ಬಡ ತಮ್ಮನನ್ನೂ ಕಲಿಸಿ. ಕೂದಲೆಳೆಯಲ್ಲಿ ಪಾಸಾದರೆ ‘ಸ್ಕ್ರೇಪ್ಡ್ ಥ್ರೂ’.

ಪ್ರಶ್ನೆ: ಐಪಿಎಲ್ ಪಟ್ಟಿಯಲ್ಲಿ ಕೊನೆಗೆ ಉಳಿದ ತಂಡಕ್ಕೆ ‘ವುಡನ್ ಸ್ಪೂನ್’ ಅಂತ ಬರೀತಾರೆ. ಮರದ ಚಮಚಕ್ಕೂ ಕ್ರಿಕೆಟ್ಟಿಗೂ ಏನು ಸಂಬಂಧ?
— ನಿವೃತ್ತ ಗುಮಾಸ್ತ, ಧಾರವಾಡ

ಉತ್ತರ: ಕ್ರಿಕೆಟ್ಟಿಗಲ್ಲ, ಗಣಿತಕ್ಕೆ ಸಂಬಂಧ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಗೆ ‘ಟ್ರೈಪಾಸ್’ ಎಂದು ಹೆಸರು. ಆನರ್ಸ್ ಪಡೆದವರನ್ನು ಮೂರು ದರ್ಜೆ ಮಾಡಿ, ಒಬ್ಬೊಬ್ಬರ ಸ್ಥಾನವನ್ನೂ ಸಭೆಯಲ್ಲಿ ಓದಿ ಹೇಳುವ ಪದ್ಧತಿ ಇತ್ತು. ಮೊದಲ ದರ್ಜೆಯವರು ‘ರ‍್ಯಾಂಗ್ಲರ್’ಗಳು, ಅವರಲ್ಲಿ ಮೊದಲಿಗ ‘ಸೀನಿಯರ್ ರ‍್ಯಾಂಗ್ಲರ್’. ಮೂರನೆಯ ದರ್ಜೆಯ ಕೊಟ್ಟಕೊನೆಯವನು ಪದವಿ ಸ್ವೀಕರಿಸುವಾಗ ಗೆಳೆಯರು ಮೇಲಿನ ಗ್ಯಾಲರಿಯಿಂದ ದೊಡ್ಡದೊಂದು ಮರದ ಸೌಟನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಕೊನೆಯ ಸೌಟು ಇಳಿದದ್ದು 1909ರಲ್ಲಿ. ಮರುವರ್ಷದಿಂದ ದರ್ಜೆಯೊಳಗೆ ಕ್ರಮಾಂಕ ಹೇಳುವುದನ್ನೇ ನಿಲ್ಲಿಸಿದರು, ಕೊನೆಯವನು ಯಾರೆಂದು ತಿಳಿಯುವ ದಾರಿಯೇ ಇಲ್ಲವಾಯಿತು.

ಒಂದು ವಿಷಯ ಗಮನಿಸಿ. ಸೌಟು ಪಡೆದವನು ನಪಾಸಾದವನಲ್ಲ, ಆನರ್ಸ್ ಪಡೆದವನೇ. ಆದ್ದರಿಂದ ಈ ಮಾತು ಪಟ್ಟಿಯಲ್ಲಿರುವವರ ಪೈಕಿ ಕೊನೆಯವರಿಗೆ ಸಲ್ಲುತ್ತದೆ. ಅರ್ಹತಾ ಸುತ್ತಿನಲ್ಲೇ ಹೊರಬಿದ್ದವರಿಗೆ ವುಡನ್ ಸ್ಪೂನ್ ಇಲ್ಲ. ಬಳಸುವ ಕ್ರಿಯಾಪದ ‘ಗೆಟ್’ ಅಥವಾ ‘ಟೇಕ್’: ‘ದೇ ಟುಕ್ ದ ವುಡನ್ ಸ್ಪೂನ್’. ತಮಾಷೆಗೆ ‘ವಿನ್’ ಎಂದರೂ ಆದೀತು.

ಧಾರವಾಡದವರಿಗೆ ‘ರ‍್ಯಾಂಗ್ಲರ್’ ಎಂದ ಕೂಡಲೇ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಮುಂದೆ ಪಂಜಾಬಿನ ರಾಜ್ಯಪಾಲರಾದ ಡಿ.ಸಿ. ಪಾವಟೆಯವರು ನೆನಪಾಗಬೇಕು. ಹೆಸರಿನ ಹಿಂದೆ ಅಂಟಿಕೊಂಡ ಆ ಬಿರುದು ಈ ಪರೀಕ್ಷೆಯದೇ. ಅವರು ಓದುವ ಕಾಲಕ್ಕೆ ಕ್ರಮಾಂಕ ನಿಂತಿತ್ತು, ದರ್ಜೆಯ ಹೆಸರು ಉಳಿದಿತ್ತು. ಕ್ರಮಾಂಕ ಇದ್ದ ಕಾಲದಲ್ಲಿ, 1899ರಲ್ಲಿ, ಸೀನಿಯರ್ ರ‍್ಯಾಂಗ್ಲರ್ ಸ್ಥಾನ ಪಡೆದ ಮೊದಲ ಭಾರತೀಯ ಆರ್.ಪಿ. ಪರಾಂಜಪೆ. ‘ರ‍್ಯಾಂಗಲ್’ ಎಂದರೆ ವಾದಕ್ಕೆ ಬೀಳುವುದು; ಒಂದು ಕಾಲಕ್ಕೆ ಅಲ್ಲಿ ಪರೀಕ್ಷೆ ನಡೆಯುತ್ತಿದ್ದದ್ದು ಬಾಯಿಮಾತಿನ ವಾದದಲ್ಲೇ.

ಪ್ರಶ್ನೆ: ಆಫೀಸಿನ ಮೇಲ್‌ಗಳಲ್ಲಿ ‘ಡೌನ್ ಟು ದ ವೈರ್’, ‘ಬಾಲ್‌ಪಾರ್ಕ್ ಫಿಗರ್’, ‘ಮೂವಿಂಗ್ ದ ಗೋಲ್‌ಪೋಸ್ಟ್ಸ್’ ಬರ್ತಾನೇ ಇರುತ್ತೆ. ಪಟ್ಟಿ ಮಾಡಿ ಓದಿದರೆ ವಾರದಲ್ಲಿ ಮರೆತುಹೋಗುತ್ತೆ. ಏನು ಮಾಡಲಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಕಾರಾದಿ ಪಟ್ಟಿಯನ್ನು ಮೊದಲು ಹರಿದುಹಾಕಿ. ಸ್ಪರ್ಧೆಗೆ ಸಂಬಂಧಿಸಿದ ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಬಹುತೇಕ ಯಾವುದೋ ಆಟದ ಮೈದಾನದಿಂದ ಎದ್ದು ಬಂದವು. ಯಾವ ಆಟ ಎಂದು ತಿಳಿದರೆ ಅರ್ಥ ತಾನಾಗಿ ಕಣ್ಣಿಗೆ ಕಟ್ಟುತ್ತದೆ.

ಕುದುರೆ ರೇಸಿನದು ದೊಡ್ಡ ಸಂಸಾರ. ಎರಡು ಕುದುರೆಗಳ ಕತ್ತು ಸಮಸಮ ಓಡಿದರೆ ‘ನೆಕ್ ಅಂಡ್ ನೆಕ್’. ಗೆಲುವು ಖಾತ್ರಿಯಾದ ಜಾಕಿ ಲಗಾಮು ಸಡಿಲಿಸಿ ಕೈ ಇಳಿಬಿಟ್ಟರೆ ‘ವನ್ ಹ್ಯಾಂಡ್ಸ್ ಡೌನ್’. ಯಾರೂ ಲೆಕ್ಕಕ್ಕೆ ಇಟ್ಟಿರದ ಕುದುರೆ ‘ಡಾರ್ಕ್ ಹಾರ್ಸ್’. ಬಣ್ಣದ ಮಾತಲ್ಲ, ಅದರ ಸಾಮರ್ಥ್ಯ ಕತ್ತಲಲ್ಲಿದೆ ಎಂದು. ಪತ್ರಿಕೆಗಳಲ್ಲಿ ಮೊದಲ ಮೂರು ಸ್ಥಾನ ಅಚ್ಚಾದ ಮೇಲೆ ‘ಇವೂ ಓಡಿದವು’ ಎಂದು ಉಳಿದವುಗಳ ಹೆಸರು ಸೇರಿಸುತ್ತಿದ್ದರು, ಅದರಿಂದ ‘ಆಲ್ಸೋ ರ‍್ಯಾನ್’. ಇನ್ನು ನೀವು ಕೇಳಿದ ‘ವೈರ್’: ಅಮೆರಿಕದ ರೇಸ್‌ಕೋರ್ಸುಗಳಲ್ಲಿ ಗುರಿಗೆರೆಯ ಮೇಲೆ ತಂತಿ ಕಟ್ಟುತ್ತಿದ್ದರು. ಆ ತಂತಿ ಮುಟ್ಟುವವರೆಗೂ ಗೆಲ್ಲುವವರು ಯಾರೆಂದು ತಿಳಿಯದಿದ್ದರೆ ‘ಡೌನ್ ಟು ದ ವೈರ್’. ಪ್ರಾಜೆಕ್ಟ್ ಡೆಡ್‌ಲೈನಿನ ಕೊನೇ ಗಳಿಗೆವರೆಗೂ ಎಳೆದಾಡಿದರೆ ಈ ಮಾತು.

ಬಾಕ್ಸಿಂಗಿನವು ಸ್ವಲ್ಪ ಒರಟು. ಸೋಲೊಪ್ಪಿಕೊಂಡು ಕೋಚ್ ಟವಲ್ ಎಸೆದರೆ ‘ಥ್ರೋ ಇನ್ ದ ಟವಲ್’. ಸೊಂಟಪಟ್ಟಿಯ ಕೆಳಗೆ ಹೊಡೆಯುವುದು ನಿಯಮಬಾಹಿರ, ಆದ್ದರಿಂದ ನೀಚತನದ ಮಾತಿಗೆ ‘ಬಿಲೋ ದ ಬೆಲ್ಟ್’. ಕೆಳಗೆ ಬಿದ್ದವನಿಗೆ ಎಣಿಕೆ ನಡೆಯುತ್ತಿರುವಾಗಲೇ ಸುತ್ತು ಮುಗಿದ ಗಂಟೆ ಹೊಡೆದರೆ ‘ಸೇವ್ಡ್ ಬೈ ದ ಬೆಲ್’. ಜೀವಂತ ಹೂಳಿದವರಿಗಾಗಿ ಶವಪೆಟ್ಟಿಗೆಗೆ ಗಂಟೆ ಕಟ್ಟುತ್ತಿದ್ದರು, ಅಲ್ಲಿಂದ ಈ ಮಾತು ಬಂತು ಎಂಬ ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದಕ್ಕೆ ಆಧಾರವಿಲ್ಲ.

ಬೇಸ್‌ಬಾಲ್ ನಮಗೆ ಕಣ್ಣಿಗೆ ಬೀಳದ ಆಟವಾದ್ದರಿಂದ ಅದರ ಮಾತುಗಳೇ ಹೆಚ್ಚು ಕಾಡುತ್ತವೆ. ‘ಬಾಲ್‌ಪಾರ್ಕ್’ ಎಂದರೆ ಆ ಆಟದ ಮೈದಾನ. ‘ಬಾಲ್‌ಪಾರ್ಕ್ ಫಿಗರ್’ ಎಂದರೆ ನಿಖರವಲ್ಲ, ಆದರೆ ಮೈದಾನದ ಆಚೆಗೂ ಹೋಗಿಲ್ಲ, ಅಂದಾಜು ಲೆಕ್ಕ. ನೇರ ಬಂದಂತೆ ಕಂಡು ತಿರುಗಿಬಿಡುವ ಎಸೆತ ‘ಕರ್ವ್‌ಬಾಲ್’. ಮೀಟಿಂಗಿನಲ್ಲಿ ಕ್ಲೈಂಟು ಎಸೆಯುವ ಅನಿರೀಕ್ಷಿತ ಪ್ರಶ್ನೆ. ‘ಸ್ಟೆಪ್ ಅಪ್ ಟು ದ ಪ್ಲೇಟ್’ನಲ್ಲಿ ಪ್ಲೇಟು ಊಟದ ತಟ್ಟೆಯಲ್ಲ. ಬ್ಯಾಟ್ ಹಿಡಿದವನು ನಿಲ್ಲುವ ಜಾಗದಲ್ಲಿ ನೆಲಕ್ಕೆ ಹಾಸಿದ ಹಲಗೆ ಅದು; ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕ್ರೀಸಿಗಿಳಿಯುವುದು, ಹೊಣೆ ಹೊರುವುದು. ‘ರೇನ್ ಚೆಕ್’ ಎಂಬುದು ಮಳೆಗೆ ಆಟ ನಿಂತಾಗ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿ. ಯಾರಾದರೂ ಕಾಫಿಗೆ ಕರೆದಾಗ ‘ಐ ವಿಲ್ ಟೇಕ್ ಎ ರೇನ್ ಚೆಕ್’ ಎಂದರೆ ಈಗ ಬೇಡ, ಇನ್ನೊಮ್ಮೆ ಎಂದು. ಮಳೆ ಬರುತ್ತಿದೆಯಾ ಎಂದು ಕಿಟಕಿ ಕಡೆ ನೋಡಬೇಕಾಗಿಲ್ಲ.

ಫುಟ್‌ಬಾಲಿನ ‘ಮೂವಿಂಗ್ ದ ಗೋಲ್‌ಪೋಸ್ಟ್ಸ್’: ನೀವು ಒದ್ದ ಮೇಲೆ ಗೋಲುಕಂಬವನ್ನೇ ಸರಿಸಿದಂತೆ, ಕೆಲಸ ಮುಗಿಯುವ ಹೊತ್ತಿಗೆ ಷರತ್ತು ಬದಲಾಯಿಸುವುದು. ಇದು ಆರೋಪದ ಮಾತು. ಮೇಲಧಿಕಾರಿಗೆ ಮೇಲ್‌ನಲ್ಲಿ ಹಾಗೇ ಬರೆದರೆ ಜಗಳ ಹುಡುಕಿಕೊಂಡು ಹೋದಂತೆ. ‘ದ ಸ್ಕೋಪ್ ಹ್ಯಾಸ್ ಚೇಂಜ್ಡ್’ ಎಂದು ಬರೆಯುವುದು ಕ್ಷೇಮ.

ಕ್ರಿಕೆಟ್ಟಿನದು ನಿಮಗೇ ಗೊತ್ತು, ಆದರೆ ಅದರಲ್ಲೊಂದು ಬಲೆ ಇದೆ. ‘ಸ್ಟಿಕಿ ವಿಕೆಟ್’ (ಇಕ್ಕಟ್ಟಿನ ಸ್ಥಿತಿ), ‘ಆಫ್ ಹಿಸ್ ಓನ್ ಬ್ಯಾಟ್’ (ಯಾರೂ ಹೇಳದೆ, ತಾನಾಗಿಯೇ) ಲಂಡನ್ನಿನಲ್ಲಿ ಓಡುತ್ತವೆ, ಷಿಕಾಗೋದಲ್ಲಿ ಕಣ್ಣು ಮಿಟುಕಿಸುತ್ತಾರೆ. ‘ಹ್ಯಾಟ್ರಿಕ್’ ಮಾತ್ರ ಗಡಿ ದಾಟಿದೆ. 1858ರಲ್ಲಿ ಷೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತಾಗ ಚಂದಾ ಎತ್ತಿ ಟೋಪಿ ಕೊಡಿಸಿದರಂತೆ, ಅಲ್ಲಿಂದ ಈ ಹೆಸರು. ಈಗ ಐಸ್ ಹಾಕಿ ಆಡುವ ಕೆನಡಾದವರೂ ಹ್ಯಾಟ್ರಿಕ್ ಎನ್ನುತ್ತಾರೆ.

ಪ್ರಶ್ನೆ: ಕೋಚಿಂಗ್ ಸೆಂಟರಿಗೆ ಕಳಿಸುವ ಶಕ್ತಿ ಇಲ್ಲ. ಒಂಬತ್ತನೇ ಕ್ಲಾಸಿನ ಮಗಳು ಇಂಥ ಮಾತುಗಳನ್ನು ಮನೆಯಲ್ಲೇ ಕಲಿಯಲು ಒಂದು ಕ್ರಮ ಹೇಳಿ.
— ಕೃಷಿಕ, ಯಲಬುರ್ಗಾ

ಉತ್ತರ: ನೂರು ಪುಟದ ಒಂದು ನೋಟ್‌ಬುಕ್, ವಾರಕ್ಕೆರಡು ದಿನದ ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟ, ಇಷ್ಟಿದ್ದರೆ ಆಯಿತು. ಪತ್ರಿಕೆ ಶಾಲೆಯ ಅಥವಾ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಸಿಕ್ಕೀತು. ಹಳೆಯದಾದರೂ ಅಡ್ಡಿಯಿಲ್ಲ.

ಮಗಳು ತಾನು ಟಿವಿಯಲ್ಲಿ ನೋಡಿದ ಪಂದ್ಯದ ವರದಿಯನ್ನೇ ಆರಿಸಿಕೊಳ್ಳಲಿ. ಆಟ ಗೊತ್ತಿದ್ದರೆ ಅರ್ಧ ಅರ್ಥ ಮೊದಲೇ ಗೊತ್ತಿರುತ್ತದೆ. ಅದರಿಂದ ವಾರಕ್ಕೆ ಐದು ಮಾತು ಸಾಕು. ಎಡಪುಟದಲ್ಲಿ ಬರೆಯಬೇಕಾದದ್ದು ಬರೀ ಪದವನ್ನಲ್ಲ, ಅದು ಬಂದ ಇಡೀ ವಾಕ್ಯವನ್ನು. ವಾಕ್ಯದ ಕ್ರಿಯಾಪದಕ್ಕೂ ಅದರ ಜೊತೆಗಿರುವ ‘ಟು’, ‘ವಿತ್’, ‘ಬೈ’, ‘ಫಾರ್’ಗಳಿಗೂ ಅಡಿಗೆರೆ ಎಳೆಯಲಿ. ತಪ್ಪಾಗುವುದು ಅಲ್ಲೇ. ಬಲಪುಟದಲ್ಲಿ ಕನ್ನಡ ಅರ್ಥ ಬೇಡ, ಆ ಮಾತನ್ನು ತಾನು ಯಾವಾಗ ಆಡಬಹುದು ಎಂಬ ಸನ್ನಿವೇಶ ಬರೆಯಲಿ. ‘ಸ್ಕ್ರೇಪ್ಡ್ ಥ್ರೂ’ ಎದುರಿಗೆ ‘ಗಣಿತದಲ್ಲಿ 35 ಬಂದಾಗ’ ಎಂದಿದ್ದರೆ ಅದು ಮರೆಯುವುದಿಲ್ಲ.

ಮರುದಿನ, ಮೂರನೇ ದಿನ, ಏಳನೇ ದಿನ, ಮತ್ತೆ ತಿಂಗಳಾದ ಮೇಲೆ ಎಡಪುಟ ಮುಚ್ಚಿ, ಬಲಪುಟದ ಸನ್ನಿವೇಶ ನೋಡಿ ವಾಕ್ಯವನ್ನು ಬಾಯಿಬಿಟ್ಟು ಹೇಳಬೇಕು. ಬರೀ ಕಣ್ಣಾಡಿಸಿದರೆ ಗೊತ್ತಿದೆ ಅನ್ನಿಸುತ್ತದೆ, ಬೇಕಾದಾಗ ಬಾಯಿಗೆ ಬರುವುದಿಲ್ಲ. ತಪ್ಪಿದ್ದಕ್ಕೆ ಚುಕ್ಕೆ ಇಟ್ಟು ಮುಂದಿನ ವಾರದ ಐದರಲ್ಲಿ ಸೇರಿಸಿಕೊಳ್ಳಲಿ.

ಒಂದೇ ಅರ್ಥದ ಮಾತುಗಳನ್ನು ಒಟ್ಟಿಗೆ ಕಲಿಯುವುದು ಬೇಡ. ‘ನೆಕ್ ಅಂಡ್ ನೆಕ್’, ‘ಡೌನ್ ಟು ದ ವೈರ್’, ‘ಫೋಟೋ ಫಿನಿಶ್’ (ಫೋಟೋ ನೋಡಿಯೇ ಗೆದ್ದವರನ್ನು ಹೇಳಬೇಕಾದಷ್ಟು ಸಮಸಮದ ಮುಕ್ತಾಯ) ಮೂರನ್ನೂ ಒಂದೇ ದಿನ ಬರೆದುಕೊಂಡರೆ ಒಂದಕ್ಕೊಂದು ಹೆಣೆದುಕೊಂಡು ‘ನೆಕ್ ಟು ದ ವೈರ್’ ಎಂದು ಬಾಯಿಗೆ ಬರುತ್ತದೆ. ಮೇಲೆ ಬೆಂಗಳೂರಿನವರಿಗೆ ಆಟದ ಪ್ರಕಾರ ಗುಂಪು ಮಾಡಿ ಕೊಟ್ಟಿದ್ದು ಮೂಲ ತಿಳಿಯಲಿ ಎಂದು. ನೋಟ್‌ಬುಕ್ಕಿಗೆ ಇಳಿಸುವಾಗ ವಾರಕ್ಕೊಂದರಂತೆ ಬಿಡಿಸಿ ಇಳಿಸಬೇಕು. ಇನ್ನು ಪರೀಕ್ಷೆಯ ಪ್ರಬಂಧದಲ್ಲಿ ಒಂದೋ ಎರಡೋ ನುಡಿಗಟ್ಟು ಸಾಕು. ಪ್ರತಿ ಸಾಲಿಗೂ ಒಂದು ತುರುಕಿದರೆ ಓದುವವರಿಗೆ ಕಲಿತದ್ದಲ್ಲ, ಉರು ಹೊಡೆದದ್ದು ಕಾಣುತ್ತದೆ.

ಪ್ರಶ್ನೆ: ಗಂಡನ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗುತ್ತಿದ್ದೇವೆ. ಮಗ ಇಲ್ಲಿ ಆರನೇ ತರಗತಿ. ಅಲ್ಲಿ ಏನೆಂದು ಹೇಳಬೇಕು? ‘ಪಬ್ಲಿಕ್ ಸ್ಕೂಲ್’ಗೆ ಸೇರಿಸಿದರೆ ಫೀಸ್ ಕಡಿಮೆಯಾ?
— ಮೈಸೂರು

ಉತ್ತರ: ಫೀಸ್ ಕಡಿಮೆಯಲ್ಲ, ಎದೆ ಒಡೆಯುವಷ್ಟು! ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಈಟನ್, ಹ್ಯಾರೋಗಳಂಥ ಹಳೆಯ ಖಾಸಗಿ ಶಾಲೆಗಳು. ಫೀಸಿಲ್ಲದ ಸರ್ಕಾರಿ ಶಾಲೆ ಬೇಕಾದರೆ ‘ಸ್ಟೇಟ್ ಸ್ಕೂಲ್’ ಎಂದು ಕೇಳಿ. ಅಮೆರಿಕದಲ್ಲಿ ಇದು ತಿರುವುಮುರುವು, ಅಲ್ಲಿ ಪಬ್ಲಿಕ್ ಸ್ಕೂಲೇ ಸರ್ಕಾರಿ ಶಾಲೆ.

ತರಗತಿಗೆ ಅಲ್ಲಿ ‘ಇಯರ್’. ಐದು ತುಂಬಿದ ಮಕ್ಕಳು ‘ಇಯರ್ 1’ ಸೇರುವುದರಿಂದ ನಮ್ಮ ತರಗತಿಗೆ ಸಾಮಾನ್ಯವಾಗಿ ಒಂದು ಕೂಡಿಸಿದರೆ ಸರಿಹೋಗುತ್ತದೆ: ಆರನೆಯದು ‘ಇಯರ್ 7’, ಅಂದರೆ ಸೆಕೆಂಡರಿಯ ಮೊದಲ ವರ್ಷ. ಆದರೆ ಶಾಲೆ ನೋಡುವುದು ವಯಸ್ಸನ್ನು, ಲೆಕ್ಕ ಸೆಪ್ಟೆಂಬರ್ 1ರಿಂದ. ಹುಟ್ಟಿದ ತಾರೀಕಿನ ಮೇಲೆ ಒಂದು ವರ್ಷ ಆಚೀಚೆ ಆಗಬಹುದು. ‘ಸಿಕ್ಸ್ತ್ ಫಾರ್ಮ್’ ಎಂಬ ಮಾತು ಕಿವಿಗೆ ಬಿದ್ದರೆ ಆರನೇ ತರಗತಿ ಎಂದು ತಿಳಿಯಬೇಡಿ, ಅದು 12 ಮತ್ತು 13ನೇ ಇಯರ್, ನಮ್ಮ ಪಿಯುಸಿಯ ವಯಸ್ಸಿನವರದು.

ಪ್ರಶ್ನೆ: ಕಂಪೀಟ್, ಕಾಂಪಿಟಿಷನ್, ಕಂಪೆಟಿಟಿವ್: ಒತ್ತು ಎಲ್ಲಿ ಕೊಡಬೇಕು?
— ಬಿ.ಎಡ್. ವಿದ್ಯಾರ್ಥಿನಿ, ಶಿರಸಿ

ಉತ್ತರ: ‘ಕಂಪೀಟ್’ನಲ್ಲಿ ‘ಪೀಟ್’ ಮೇಲೆ. ‘ಕಾಂಪಿಟಿಷನ್’ನಲ್ಲಿ ‘ಟಿ’ ಮೇಲೆ. ‘ಕಂಪೆಟಿಟರ್’, ‘ಕಂಪೆಟಿಟಿವ್’ ಎರಡರಲ್ಲೂ ‘ಪೆ’ ಮೇಲೆ. ಇವುಗಳ ನೆಂಟನಂತೆ ಕಾಣುವ ‘ಕಾಂಪಿಟೆಂಟ್’ಗೆ ಮಾತ್ರ ಮೊದಲಕ್ಷರ ‘ಕಾಂ’ ಮೇಲೆ. ಅರ್ಥವೂ ಬೇರೆ, ಸಮರ್ಥ ಎಂದು. ‘ಕಾಂಟೆಸ್ಟ್’ ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ‘ಟೆಸ್ಟ್’ ಮೇಲೆ. ಸ್ಪರ್ಧೆಗೆ ‘ಕಂಪೀಟ್ ಇನ್’, ಬಹುಮಾನಕ್ಕೆ ‘ಕಂಪೀಟ್ ಫಾರ್’, ಎದುರಾಳಿಗೆ ‘ಕಂಪೀಟ್ ಅಗೇನ್ಸ್ಟ್’. ‘ವಿತ್’ ಕೂಡ ನಡೆಯುತ್ತದೆ, ಆದರೆ ಜೊತೆಗೂಡಿ ಆಡಿದರೋ ಎದುರಾಗಿ ಆಡಿದರೋ ಎಂಬ ಅನುಮಾನ ಕೆಲವೊಮ್ಮೆ ಉಳಿಯುತ್ತದೆ.

ಪ್ರಶ್ನೆ: ನಮ್ಮ ಯುವಕ ಸಂಘದ ಕಬಡ್ಡಿ ಪಂದ್ಯದ ಪ್ರಮಾಣಪತ್ರಗಳು ಅಚ್ಚಾಗಬೇಕು. ‘ಫಸ್ಟ್ ಪ್ರೈಸ್’, ‘ರನ್ನರ್’ ಅಂತ ಹಾಕಿಸಿದ್ದೇವೆ. ಸರಿಯಿದೆಯೇ?
— ಹೊನ್ನಾಳಿ

ಉತ್ತರ: ಅಚ್ಚಿಗೆ ಕೊಡುವ ಮುಂಚೆ ಪ್ರೂಫ್ ನೋಡಿ. ಬಹುಮಾನದ ‘ಪ್ರೈಜ್’ಗೆ ‘ಇ’ಗಿಂತ ಹಿಂದೆ ಬರುವುದು ‘ಝಡ್’ ಅಕ್ಷರ. ಅಲ್ಲಿ ‘ಸಿ’ ಇದ್ದರೆ ಅದು ಸಾಮಾನಿನ ಬೆಲೆ, ‘ಎಸ್’ ಇದ್ದರೆ ಮೀಟಿ ತೆಗೆಯುವುದು ಎಂಬ ಬೇರೆಯೇ ಪದ. ‘ರನ್ನರ್’ ಎಂದರೆ ಓಟಗಾರ. ಎರಡನೇ ಸ್ಥಾನಕ್ಕೆ ‘ರನ್ನರ್ ಅಪ್’, ನಡುವೆ ಸಣ್ಣ ಅಡ್ಡಗೆರೆ. ಇಡೀ ತಂಡಕ್ಕೆ ಕೊಡುವ ಪ್ರಮಾಣಪತ್ರವಾದರೆ ಬಹುವಚನದ ‘ಎಸ್’ ಸೇರುವುದು ‘ರನ್ನರ್’ಗೆ, ‘ಅಪ್’ಗಲ್ಲ: ‘ರನ್ನರ್ಸ್ ಅಪ್’. ‘ಪಾರ್ಟಿಸಿಪೇಟೆಡ್’ ನಂತರ ‘ಇನ್’ ಇದೆಯೇ ಎಂದೂ ನೋಡಿಕೊಳ್ಳಿ.